ಎರವಲು ದಾದಿ

ನಮ್ಮ ದ್ವೀಪಗಳ ಕಡೆ ಊರಿನ ಮುಖ್ಯಸ್ಥನನ್ನು ರಾಜ ಎಂದೇ ಕರೆಯುವುದು. ಅರವತ್ತೆರಡು ಮನೆ, ಒಂದು ಇಗರ್ಜಿ, ಅರ್ಧಕ್ಕೇ ಮುರಿದ ಒಂದು ದಕ್ಕೆ, ಇಷ್ಟಕ್ಕೆಲ್ಲ ಒಬ್ಬ ರಾಜ. ಈಗಿರುವವನ ಹೆಸರು ಕಾರೆಲ್. ಐವತ್ತೆರಡು ವರ್ಷದ ಹಿಂದೆ ಅವನನ್ನು ಈ ಲೋಕಕ್ಕೆ ಬರಮಾಡಿಕೊಂಡು, ಅಳಲಿ ಎಂದು ಕುಂಡೆಯ ಮೇಲೆ ಎರಡು ಬಾರಿಸಿದವಳು ನಾನೇ. ಇನ್ನೂ ಎರಡು ಬಾರಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ಹೆಸರು ವೆಲ್ಮಿಂಚೆ. ಊರಿಗೆಲ್ಲ ಓಮಾ ಮಿಂಚೆ, ಅಂದರೆ ಮಿಂಚೆ ಅಜ್ಜಿ. ನಾನು ಹೆನಾಲತು ಊರಿನ ಸೂಲಗಿತ್ತಿ. ಐವತ್ತರೊಳಗಿನ ಯಾವ ತಲೆಯನ್ನು ತೋರಿಸಿದರೂ ಅದನ್ನು ಮೊದಲು ಹಿಡಿದದ್ದು ನನ್ನ ಕೈ. ಆದರೆ ಈಗ ಎಡಗಣ್ಣಿಗೆ ಪೂರ್ತಿ ಪೊರೆ ಬಂದಿದೆ, ಬಲಗಣ್ಣು ಅದರ ದಾರಿಯನ್ನೇ ಹಿಡಿದಿದೆ. ಸೂಜಿಗೆ ದಾರ ಪೋಣಿಸುವುದಿರಲಿ, ಬಾಗಿಲಿಗೆ ಚಿಲಕ ಹಾಕಲೂ ತಡವರಿಸುತ್ತೇನೆ. ಇಂಥ ಕಣ್ಣು ಇಟ್ಟುಕೊಂಡು ಎರಡು ವರ್ಷದ ಹಿಂದೆ, ಜುಲೈ ತಿಂಗಳ ಮಳೆಯಲ್ಲಿ, ನನ್ನ ಸ್ವಂತ ಮೊಮ್ಮಗಳು ಫೆಬಿಯ ಹೆರಿಗೆಗೆ ಕೂತೆ. ರಕ್ತ ನಿಲ್ಲಲಿಲ್ಲ. ಜುಲೈನಲ್ಲಿ ಮೂಡಲ ಗಾಳಿ ಬೀಸುತ್ತದೆ, ಕಡಲು ಯಾವ ದೋಣಿಯನ್ನೂ ಬಿಡುವುದಿಲ್ಲ. ಫೆಬಿ ನನ್ನ ತೊಡೆಯ ಮೇಲೆ ಸತ್ತಳು. ಅವಳ ಕೂಸೂ ಉಳಿಯಲಿಲ್ಲ.

ಅಂದಿನಿಂದ ನನ್ನದು ಒಂದೇ ಹಟ. ನಮ್ಮೂರಿಗೆ ಓದು ಬಲ್ಲ ಸರ್ಕಾರಿ ದಾದಿಯೊಬ್ಬಳು ಬರಬೇಕು. ಊರಿನ ಕಾರ್ಯದರ್ಶಿ ಯೋಪಿಯ ಬೆನ್ನು ಬಿದ್ದು ಮೂರು ಅರ್ಜಿ ಬರೆಸಿದೆ. ಮೂರನೆಯದಕ್ಕೆ ಉತ್ತರ ಬಂತು. ಈ ವರ್ಷ ದಾದಿಯರ ನೇಮಕ ಇದೆ, ಯಾವ ಊರಿನ ಪರಿಚಯ ಪತ್ರದಲ್ಲಿ ‘ದಾದಿ ಇಲ್ಲ’ ಎಂದಿರುತ್ತದೋ ಆ ಊರಿಗೆ ಮೊದಲು ಕಳಿಸುತ್ತೇವೆ, ಮೇ ತಿಂಗಳಲ್ಲಿ ಅಧಿಕಾರಿ ಬಂದು ನಿಮ್ಮ ಊರಿನ ಪರಿಚಯ ಪತ್ರ ತುಂಬಿಸಿಕೊಳ್ಳುತ್ತಾರೆ ಎಂದು. ಅದನ್ನು ಯೋಪಿಯಿಂದ ನಾಲ್ಕು ಸಲ ಓದಿಸಿ ಕೇಳಿದೆ. ಯಾಕೆಂದರೆ ಫೆಬಿಯ ತಂಗಿ ಯೋಸಿನಾ ಆಗ ಐದು ತಿಂಗಳ ಬಸುರಿ. ಲೆಕ್ಕ ಹಾಕಿದರೆ ಅವಳ ದಿನವೂ ಜುಲೈಗೇ ಬೀಳುತ್ತಿತ್ತು.

ಯೋಸಿನಾಳ ಮಾವ ಯಾರು ಎಂದರೆ ಇದೇ ರಾಜ ಕಾರೆಲ್. ಗಂಡ ಮೀನಿನ ಹಡಗಿನಲ್ಲಿ ದುಡಿಯಲು ಹೋಗಿ ವರ್ಷಕ್ಕೊಮ್ಮೆ ಬರುವವನು. ಹಾಗಾಗಿ ಹುಟ್ಟಬೇಕಾದದ್ದು ರಾಜನ ಮೊದಲ ಮೊಮ್ಮಗು. ದಾದಿ ಬೇಕೆಂದು ನನಗಿಂತ ಅವನೇ ಹೆಚ್ಚು ಹಾರಾಡಬೇಕಿತ್ತು. ಆದರೆ ಅವನ ಹೊಟ್ಟೆಯುರಿಯೇ ಬೇರೆ. ದ್ವೀಪದ ಆಚೆ ತುದಿಯಲ್ಲಿ, ದೋಣಿಯಲ್ಲೇ ಮುಟ್ಟಬೇಕಾದ ಸೋಪಾಹೆಲು ಎಂಬ ಊರಿಗೆ ಹಿಂದಿನ ವರ್ಷ ‘ಮುಂದುವರಿದ ಗ್ರಾಮ’ ಎಂದು ಸರ್ಕಾರದ ಫಲಕ ಬಂದಿತ್ತು. ಅದರ ಸುತ್ತ ಬಣ್ಣದ ದೀಪ ಬೇರೆ. ನಮ್ಮದು ಆಗ ‘ತೀರಾ ಹಿಂದುಳಿದ ಗ್ರಾಮ’. ಕಾರೆಲ್ ಆ ಫಲಕ ನೋಡಿ ಬಂದ ದಿನದಿಂದ ಅನ್ನ ಸೇರದವನ ಹಾಗೆ ಓಡಾಡುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಎನ್ನುವ ಜಾತಿ ಅದು.

ಏಪ್ರಿಲ್ ಕೊನೆಯಲ್ಲಿ ಊರಮನೆಯಲ್ಲಿ ಸಭೆ ಸೇರಿಸಿದ. ಯೋಪಿ ಹಳೆಯ ಪರಿಚಯ ಪತ್ರ ಬಿಚ್ಚಿ ಓದಿದ.

“ಗ್ರಂಥಾಲಯ, ಇಲ್ಲ. ಸೌರದೀಪ, ಇಲ್ಲ. ದಾದಿ, ಇಲ್ಲ. ಸಾರ್ವಜನಿಕ ಶೌಚಾಲಯ, ಒಂದು.”

“ಹಾಂ! ಒಂದು ಇದೆಯಲ್ಲ!” ಎಂದ ರಾಜ.

“ಸೂರಿಲ್ಲ ಬಾಪಾ. ಮಳೆ ಬಂದ್ರೆ ಛತ್ರಿ ಹಿಡ್ಕೊಂಡು ಕೂರ್ಬೇಕು.”

“ಥೂ! ಇದು ಊರಿನ ಪರಿಚಯಾನೋ, ಸತ್ತೋರ ಮನೆ ಸುದ್ದೀನೋ? ಇಲ್ಲ, ಇಲ್ಲ, ಇಲ್ಲ! ಓದಿದ್ರೆ ಇಲ್ಲಿ ಮನುಷ್ಯರಾದ್ರೂ ಇದಾರಾ ಅಂತ ಅನುಮಾನ ಬರುತ್ತೆ.”

“ಇರೋದನ್ನ ಇದೆ ಅಂತ ಬರೆಸು, ಇಲ್ಲದ್ದನ್ನ ಇಲ್ಲ ಅಂತ ಬರೆಸು. ಅದಕ್ಕ್ಯಾಕೆ ಸಭೆ?” ಎಂದೆ ನಾನು.

“ಓಮಾ, ನಿಮಗೆ ಇದು ಅರ್ಥ ಆಗಲ್ಲ. ಇದು ಮಾನದ ಪ್ರಶ್ನೆ. ನಮಗೆ ಪೇಲಾ ಇಲ್ವಾ? ಪೇಲಾ ಹತ್ರ ಕೇಳೋಣ!”

ಪೇಲಾ ಎಂದರೆ ನಮಗೂ ಕಡಲಾಚೆಯ ಅಮಾಸೇಲೆ ಊರಿಗೂ ಇರುವ ನಂಟು. ಹಿರಿಯರ ಕಾಲದಲ್ಲಿ ಎರಡು ಊರಿನವರು ಒಂದೇ ಬಟ್ಟಲಲ್ಲಿ ರಕ್ತ ಬೆರೆಸಿ ಕುಡಿದು ಅಣ್ಣತಮ್ಮಂದಿರಾದರು. ಅವರು ಮುಸಲ್ಮಾನರು, ನಾವು ಕ್ರೈಸ್ತರು. ನಮ್ಮ ಇಗರ್ಜಿಯ ಚಾವಣಿ ಅವರು ಹೊದಿಸಿದ್ದು, ಅವರ ಮಸೀದಿಯ ಕಂಬ ನಾವು ಹೊತ್ತದ್ದು. ಪೇಲಾ ಕೇಳಿದರೆ ಇಲ್ಲ ಎನ್ನುವಂತಿಲ್ಲ, ಪೇಲಾ ಕೊಟ್ಟರೆ ಬೇಡ ಎನ್ನುವಂತಿಲ್ಲ. ಹಾಗೆಂದವನು ಹೊಟ್ಟೆ ಊದಿ ಸಾಯುತ್ತಾನೆ ಎಂದು ಹಿರಿಯರ ಮಾತು. ಬೆಂಕಿ ಬಿದ್ದಾಗ, ಬರ ಬಂದಾಗ, ಜಗಳ ಎದ್ದಾಗ ಕೈ ಹಿಡಿಯಲಿ ಎಂದು ಹಿರಿಯರು ಮಾಡಿಟ್ಟ ಕಟ್ಟು ಅದು. ನಮ್ಮ ರಾಜ ಅದನ್ನು ಬಳಸಹೊರಟದ್ದು ಒಂದು ದಿನದ ಮಟ್ಟಿಗೆ ಸೌರದೀಪ ಎರವಲು ತರಲು.

ನಾನು ಅಡ್ಡ ನಿಂತೆ. “ದೀಪ ತಗೊಂಡ್ ಬಾ, ಪುಸ್ತಕ ತಗೊಂಡ್ ಬಾ, ಬೇಕಾದ್ರೆ ಅವರ ಮಸೀದೀನೇ ಎತ್ಕೊಂಡ್ ಬಾ. ದಾದಿ ಇರೋ ಸಾಲು ಮಾತ್ರ ಮುಟ್ಬೇಡ. ಅಲ್ಲಿ ‘ಇಲ್ಲ’ ಅಂತಾನೇ ಇರ್ಬೇಕು. ಯೋಸಿನಾ ಮುಖ ನೋಡಿ ಮಾತು ಕೊಡು.”

ಕಾರೆಲ್ ಎದೆಯ ಮೇಲೆ ಕೈ ಇಟ್ಟುಕೊಂಡ. “ಕೊಟ್ಟೆ ಓಮಾ. ದಾದಿ ಸಾಲು ಖಾಲಿ. ದೇವರಾಣೆ.”

ವೀಳ್ಯದೆಲೆ, ಅಡಿಕೆ, ಬಿಳಿ ಬಟ್ಟೆ ಹಿಡಿದು ಎಂಟು ಜನ ಅಮಾಸೇಲೆಗೆ ಹೋದರು. ಸಂಜೆ ತಿರುಗಿ ಬಂದಾಗ ಯೋಪಿ ನನ್ನ ಮುಖ ನೋಡದೆ ಮನೆಯ ಹಿಂದಿನಿಂದ ನುಸುಳಿ ಹೋದ. ಅಷ್ಟರಲ್ಲೇ ನನಗೆ ಗೊತ್ತಾಯಿತು. ನೆಟ್ಟಗೆ ರಾಜನ ಮನೆಗೆ ಹೋದೆ.

“ನಾನು ಕೇಳ್ಲಿಲ್ಲ ಓಮಾ, ಸತ್ಯವಾಗ್ಲೂ ಕೇಳ್ಲಿಲ್ಲ,” ಎಂದ ಕಾರೆಲ್. “ದೀಪ ಕೇಳ್ದೆ, ಪುಸ್ತಕ ಕೇಳ್ದೆ. ಹಾಜಿ ಮುಕ್ತಾರ್ ಏನಂದ್ರು ಗೊತ್ತಾ? ‘ತಮ್ಮಾ, ಇಷ್ಟು ಸಣ್ಣದನ್ನ ಕೇಳ್ಕೊಂಡು ಕಡಲು ದಾಟಿ ಬಂದ್ಯಾ? ಪರಿಚಯ ಪತ್ರದಲ್ಲಿ ದಾದಿಗೇ ಹೆಚ್ಚು ಅಂಕ ಅಂತೆ. ನಮ್ಮ ದಾದೀನೂ ಕರ್ಕೊಂಡು ಹೋಗು’ ಅಂದ್ರು. ಪೇಲಾ ಕೊಟ್ಟದ್ದನ್ನ ಬೇಡ ಅನ್ನೋಕಾಗುತ್ತಾ? ನಾನು ಹೊಟ್ಟೆ ಊದಿ ಸಾಯ್ಲಾ?”

“ಊದಲಿ! ಈಗೇನು ಚಪ್ಪಟೆಯಾಗಿದೆಯಾ? ನನಗೆ ಮಾತು ಕೊಟ್ಟಿದ್ಯಲ್ಲ!”

“ಹಿರಿಯರ ಕಟ್ಟಿನ ಮುಂದೆ ನಮ್ಮ ನಿಮ್ಮ ಮಾತು ಯಾವ ಲೆಕ್ಕ ಓಮಾ?”

ಹಿರಿಯರನ್ನು ಹೀಗೆ ಅಡ್ಡ ಹಿಡಿಯುವವರನ್ನು ನಾನು ಬಹಳ ನೋಡಿದ್ದೇನೆ. ಸತ್ತವರು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ.

ತಪಾಸಣೆಯ ದಿನ ಬೆಳಗಾಗುತ್ತಲೇ ಅಮಾಸೇಲೆಯಿಂದ ನಾಲ್ಕು ಉದ್ದ ದೋಣಿಗಳು ಬಂದವು. ಪೇಲಾ ಸಾಮಾನು ಒಂಟಿಯಾಗಿ ಬರುವುದಿಲ್ಲ, ಜನರ ಸಮೇತ ಬರುತ್ತದೆ. ಆರು ದೀಪಗಳ ಹಿಂದೆ ಎಪ್ಪತ್ತು ಜನ, ತಮಟೆ ಬಾರಿಸುತ್ತ. ಪೇಲಾದವರು ನಮ್ಮ ತೋಟದಲ್ಲಿ ಯಾವ ಹಣ್ಣನ್ನಾದರೂ ಕೇಳದೆ ಕೀಳಬಹುದು. ಎಂಟು ಗಂಟೆಯೊಳಗೆ ರಾಜನ ಅನಾನಸು ತೋಟ ಬೋಳಾಯಿತು. ಅವನು ಹಲ್ಲು ಕಿರಿಯುತ್ತ “ತಿನ್ನಿ, ತಿನ್ನಿ” ಎನ್ನುತ್ತಿದ್ದ. ಅಷ್ಟರ ಮಟ್ಟಿಗೆ ನನಗೆ ಆ ದಿನ ಸಂತೋಷವೇ ಆಯಿತು.

ದೀಪಗಳನ್ನು ಬಿದಿರು ಕಂಬಕ್ಕೆ ತೆಂಗಿನ ಹುರಿಯಲ್ಲಿ ಕಟ್ಟಿದರು. ತಂತಿ ಇಲ್ಲ, ಹಗಲಲ್ಲಿ ಅದನ್ನು ಕೇಳುವವರಿಲ್ಲ. ಪುಸ್ತಕಗಳನ್ನು ಯೋಪಿಯ ಜಗುಲಿಯಲ್ಲಿ ಜೋಡಿಸಿದರು. ಅದರಲ್ಲಿ ಅರ್ಧ ಅರಬ್ಬಿ ಪಾಠದ ಪುಸ್ತಕಗಳು. ನಮ್ಮ ಪಾದ್ರಿಗಳು ಅದರಲ್ಲೊಂದನ್ನು ತಲೆಕೆಳಗಾಗಿ ಹಿಡಿದು ಓದುತ್ತಿರುವವರಂತೆ ಕೂತರು. ರಾಜನ ಕೊಬ್ಬರಿ ಒಣಗಿಸುವ ಕೊಟ್ಟಿಗೆಗೆ ಸುಣ್ಣ ಬಳಿದು ‘ಆರೋಗ್ಯ ಕೇಂದ್ರ, ಮುಖ್ಯಸ್ಥರು: ರಾಜ ಕಾರೆಲ್’ ಎಂದು ಹಲಗೆ ಹಾಕಿದ್ದರು. ಒಳಗೆ ಹೋದರೆ ಕಮಟು ಕೊಬ್ಬರಿಯ ವಾಸನೆಗೆ ತಲೆ ತಿರುಗುತ್ತಿತ್ತು.

ದಾದಿಯ ಹೆಸರು ಜುಲೇಖಾ. ಇಪ್ಪತ್ತನಾಲ್ಕರ ಹುಡುಗಿ, ನೀಲಿ ತಲೆವಸ್ತ್ರ, ಚುರುಕು ಕಣ್ಣು. ಕೊಟ್ಟಿಗೆಯೊಳಗೆ ಕುರ್ಚಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

“ನಾನೇನು ದೊಡ್ಡ ಪಾತ್ರೇನಾ ಓಮಾ, ಮದುವೆಗೆ ಅಂತ ಮನೆಮನೆಗೆ ಎರವಲು ಕೊಡೋಕೆ?” ಎಂದಳು.

“ಪಾತ್ರೆ ಆದ್ರೆ ತೊಳೆದಾದ್ರೂ ವಾಪಸ್ ಕೊಡ್ತಾರೆ ಮಗಳೇ,” ಎಂದೆ.

ಅವಳಿಗೆ ನಗು ಬಂತು. ಅಧಿಕಾರಿ ಬಂದಾಗ ತೋರಿಸಲು ಒಬ್ಬ ಬಸುರಿ ಬೇಕೆಂದು ಯೋಸಿನಾಳನ್ನು ಅಲ್ಲೇ ಚಾಪೆಯ ಮೇಲೆ ಮಲಗಿಸಿದ್ದರು. ಸುಮ್ಮನೆ ಕೂರುವುದರ ಬದಲು ಜುಲೇಖಾ ಅವಳ ಹೊಟ್ಟೆ ಮುಟ್ಟಿ ನೋಡಿದಳು. ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ನಗು ಹೋಯಿತು. ನನ್ನನ್ನು ಬಾಗಿಲ ಹೊರಗೆ ಕರೆದಳು.

“ತಲೆ ಮೇಲಿದೆ ಓಮಾ. ನೀವು ನೋಡಿದ್ರಾ?”

“ನೋಡಿದೀನಿ. ಇನ್ನೂ ಎರಡು ತಿಂಗಳಿದೆಯಲ್ಲ, ತಿರುಗುತ್ತೆ ಅಂದ್ಕೊಂಡಿದೀನಿ.”

“ತಿರುಗಬಹುದು, ತಿರುಗದೇನೂ ಇರಬಹುದು. ಕಾಲು ಮುಂದಾಗಿ ಬರೋ ಮಗು, ಅಕ್ಕನಿಗೆ ರಕ್ತ ನಿಲ್ಲಲಿಲ್ಲ ಅಂತಾಳೆ. ಮನೇಲಿ ಬೇಡ. ದಿನ ಹತ್ರ ಬಂದಾಗ ನನ್ನ ಹತ್ರ ಕರ್ಕೊಂಡ್ ಬನ್ನಿ.”

“ಜುಲೈನಲ್ಲಿ ಕಡಲು ಬಿಡುತ್ತೇನಮ್ಮಾ?”

“ಹಾಗಾದ್ರೆ ಇವತ್ತೇ ಕಳಿಸಿ. ನಮ್ಮನೇಲೇ ಇರ್ತಾಳೆ,” ಎಂದಳು.

ಹತ್ತು ಗಂಟೆಗೆ ಅಧಿಕಾರಿಯ ದೋಣಿ ಬಂತು. ಸುಗೆಂಗ್ ಎಂದು ಹೆಸರು, ಜಾವಾ ಕಡೆಯವನು. ಕಡಲು ಒಗ್ಗದೆ ಮುಖ ಬಾಳೆದಿಂಡಿನ ಬಣ್ಣಕ್ಕೆ ತಿರುಗಿತ್ತು. ರಾಜ ಅವನನ್ನು ಕೈ ಹಿಡಿದು ಕಂಬದಿಂದ ಕಂಬಕ್ಕೆ, ಜಗುಲಿಯಿಂದ ಶೌಚಾಲಯಕ್ಕೆ ಸುತ್ತಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸಿ ಕೈಯಲ್ಲಿದ್ದ ಹಲಗೆಯಂಥ ಮೊಬೈಲಿನ ಮೇಲೆ ಬೆರಳೊತ್ತುತ್ತಿದ್ದ. ಕೊನೆಗೆ ಕೊಟ್ಟಿಗೆಗೆ ಬಂದರು. ಹಿಂದೆ ಊರಿಗೆ ಊರೇ, ಪೇಲಾದವರ ಸಮೇತ.

ಅಧಿಕಾರಿ ಜುಲೇಖಾಳನ್ನು ನೋಡಿದ. ಹಣೆ ಒರೆಸಿಕೊಂಡ.

“ಹೇಗಿದೀಯಮ್ಮಾ? ನಿನ್ನೆ ನೀನು ಕೊಟ್ಟ ಶುಂಠಿ ಚಹಾ ಚೆನ್ನಾಗಿತ್ತು,” ಎಂದ.

ಹಿಂದಿನ ದಿನವೇ ಅಮಾಸೇಲೆಯ ತಪಾಸಣೆ ಎಂಬುದು ರಾಜನಿಗೆ ಗೊತ್ತಿತ್ತು. ಆದರೆ ಅಧಿಕಾರಿಗಳು ಹಾಳೆ ನೋಡುತ್ತಾರೆಯೇ ಹೊರತು ಮುಖ ನೋಡುವುದಿಲ್ಲ ಎಂಬುದು ಅವನ ಸಿದ್ಧಾಂತ. ಈಗ ಅವನ ಮುಖ ನೋಡಬೇಕಿತ್ತು. ನಾನು ಅದೇ ಹೊತ್ತಿಗೆ ಮುಂದೆ ನುಗ್ಗಿದೆ.

“ಸಾಹೇಬ್ರೇ, ಅವಳು ನಮ್ಮವಳಲ್ಲ. ಎರವಲು. ದೀಪಾನೂ ಎರವಲು, ಪುಸ್ತಕಾನೂ ಎರವಲು. ಅವೆಲ್ಲ ಏನಾದ್ರೂ ಬರ್ಕೊಳ್ಳಿ. ದಾದಿ ಇಲ್ಲ ಅಂತ ಮಾತ್ರ ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಓಮಾಗೆ ವಯಸ್ಸಾಗಿದೆ ಸಾಹೇಬ್ರೇ, ಬುದ್ಧಿ ಸ್ವಲ್ಪ...” ಎಂದು ರಾಜ ತಲೆಯ ಪಕ್ಕ ಬೆರಳು ತಿರುಗಿಸಿದ.

“ಇಲ್ಲ ಇಲ್ಲ, ಓಮಾ ಹೇಳೋದು ನಿಜ. ನನಗೂ ಗೊತ್ತು,” ಎಂದ ಸುಗೆಂಗ್, ಬಹಳ ದಣಿದ ದನಿಯಲ್ಲಿ. “ಆದ್ರೆ ಓಮಾ, ಇಲ್ಲಿ ಕೇಳಿರೋದು ‘ತಪಾಸಣೆಯ ದಿನ ದಾದಿ ಹಾಜರಿದ್ದಾರೆಯೇ’ ಅಂತ. ಹಾಜರಿದ್ದಾಳೆ. ಕೂತಿದ್ದಾಳೆ. ನೀವೂ ನೋಡ್ತಿದೀರಿ, ನಾನೂ ನೋಡ್ತಿದೀನಿ. ಆಗಸ್ಟ್ ಒಳಗೆ ನಮ್ಮ ಜಿಲ್ಲೇಲಿ ಒಂದೂ ಹಿಂದುಳಿದ ಊರು ಇರಬಾರ್ದು ಅಂತ ಮೇಲಿನವರ ಅಪ್ಪಣೆ ಆಗಿದೆ. ನಾನು ‘ಇಲ್ಲ’ ಅಂತ ಒತ್ತಿದ್ರೆ ಮತ್ತೆ ಇಲ್ಲಿಗೆ ಬರ್ಬೇಕು. ಇನ್ನೂ ಹನ್ನೊಂದು ದ್ವೀಪ ಇದೆ ನನಗೆ. ದೋಣಿ ಹತ್ತಿದ್ರೆ ವಾಂತಿ.”

ಬೆರಳೊತ್ತಿದ. ದಾದಿ, ಒಂದು. ಆಮೇಲೆ ಕೆಳಗಿನ ಸಾಲನ್ನು ಓದಿ, “ತರಬೇತಿ ಇಲ್ಲದ ಸೂಲಗಿತ್ತಿಯರು ಎಷ್ಟು ಜನ?” ಎಂದು ಕೇಳಿದ. ರಾಜ ನನ್ನ ಮುಖ ನೋಡಿಯೇ “ಸೊನ್ನೆ” ಎಂದ.

ಐವತ್ತೆರಡು ವರ್ಷದ ಕೆಲಸ ಹೀಗೆ ಒಂದು ಬೆರಳಿಗೆ ಹೋಯಿತು. ಅದಕ್ಕೆ ನಾನು ಅಳಲಿಲ್ಲ. ಯೋಸಿನಾಳ ಜುಲೈ ನನ್ನ ಕಣ್ಣ ಮುಂದಿತ್ತು. ಗುಂಪಿನಲ್ಲಿ ನಿಂತಿದ್ದ ಹಾಜಿ ಮುಕ್ತಾರರ ಎದುರು ಹೋಗಿ, ಹಿರಿಯರ ಪದ್ಧತಿಯ ಪ್ರಕಾರ ಎರಡು ಕೈ ಚಾಚಿದೆ. “ಪೇಲಾ ಅಣ್ಣಾ, ಕೇಳ್ತಿದೀನಿ. ನಿಮ್ಮ ದಾದೀನ ಕೊಡಿ ಅನ್ನಲ್ಲ, ನಿಮ್ಮೂರಲ್ಲೂ ಬಸುರಿಯರಿದಾರೆ. ನನ್ನ ಮೊಮ್ಮಗಳನ್ನ ಕರ್ಕೊಂಡು ಹೋಗಿ. ಹೆರಿಗೆ ಆಗೋವರೆಗೂ ಇಟ್ಕೊಳ್ಳಿ.”

“ಆಯ್ತು ತಂಗೀ,” ಎಂದರು ಹಾಜಿ, ಕಣ್ಣು ಮಿಟುಕಿಸುವಷ್ಟೂ ತಡ ಮಾಡದೆ. ಆಮೇಲೆ ಕಾರೆಲ್ ಕಡೆ ತಿರುಗಿದರು. “ಆದ್ರೆ ಅವಳು ಈಗ ನಿನ್ನ ಮನೆ ಮಗಳು ತಮ್ಮಾ. ಮನೆ ಯಜಮಾನ ಕೇಳ್ಬೇಕು, ಅದು ಕಟ್ಟು. ಒಂದು ಮಾತು ಕೇಳು, ಈಗ್ಲೇ ದೋಣೀಲಿ ಹಾಸಿಗೆ ಹಾಸ್ತೀವಿ.”

ಒಂದೇ ಮಾತು. ದೀಪ ಕೇಳಲು ಕಡಲು ದಾಟಿ ಹೋದ ಬಾಯಿ ಅದು. ಕಾರೆಲ್ ಅಧಿಕಾರಿಯನ್ನು ನೋಡಿದ, ಹಲಗೆಯ ಮೇಲಿನ ತನ್ನ ಹೆಸರನ್ನು ನೋಡಿದ, ನೆರೆದ ಜನರನ್ನು ನೋಡಿದ. ಯೋಸಿನಾಳನ್ನು ಮಾತ್ರ ನೋಡಲಿಲ್ಲ.

“ರಾಜನ ಮನೆ ಮೊದಲ ಮೊಮ್ಮಗು ಬೇರೆ ಊರಲ್ಲಿ ಹುಟ್ಟೋದಾ?” ಎಂದ. “ನಮ್ಮೂರಲ್ಲೇ ದಾದಿ ಇದಾಳಲ್ಲ. ಸಾಹೇಬ್ರು ಈಗಷ್ಟೇ ಬರ್ಕೊಂಡ್ರಲ್ಲ.”

ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಯೋಸಿನಾ ನನ್ನ ಸೆರಗು ಎಳೆದು, “ಬಿಡಿ ಓಮಾ, ಎಲ್ಲರೂ ನೋಡ್ತಿದಾರೆ,” ಎಂದಳು. ನಾನು ಬಿಟ್ಟೆ. ಅದೇ ನನ್ನ ತಪ್ಪು. ಆ ದಿನ ಅವಳ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ದೋಣಿ ಹತ್ತಿಸಬೇಕಿತ್ತು. ನಾಲ್ಕು ಜನರ ಮುಂದೆ ರಾಜನ ಮಾತು ಮೀರುವ ಎದೆ ನನಗೂ ಇರಲಿಲ್ಲ. ಊರಿನ ಮಾನ ಎನ್ನುವ ಹುಚ್ಚು ಅವನೊಬ್ಬನಿಗೇ ಹಿಡಿದದ್ದಲ್ಲ.

ಸಂಜೆ ದೀಪಗಳು ಹೋದವು, ಪುಸ್ತಕಗಳು ಹೋದವು, ಜುಲೇಖಾ ಹೋದಳು. ಹೋಗುವಾಗ ನನ್ನ ಮನೆಗೆ ಬಂದು, ಕಾಲು ಮುಂದಾಗಿ ಬರುವ ಮಗುವಿಗೆ ಈಗಿನವರು ಏನೇನು ಮಾಡುತ್ತಾರೆಂದು ಒಂದು ತಾಸು ಕೂತು ಹೇಳಿದಳು. ನನಗೆ ಮುಕ್ಕಾಲು ಗೊತ್ತಿತ್ತು. ಗೊತ್ತಿಲ್ಲದ ಕಾಲು ಭಾಗವನ್ನು ಎರಡೆರಡು ಸಲ ಹೇಳಿಸಿಕೊಂಡೆ. ಅವಳು ಕೈಚೀಲ ಎತ್ತಿಕೊಳ್ಳುತ್ತ, “ಕೈ ನೆರವಿಗೆ ಯಾರನ್ನಾದ್ರೂ ಜೊತೆಗೆ ಇಟ್ಕೊಳ್ಳಿ ಓಮಾ,” ಎಂದಳು. ನನ್ನ ಕಣ್ಣಿನ ಗತಿ ಅವಳಿಗೆ ಅಷ್ಟರಲ್ಲೇ ತಿಳಿದಿತ್ತು.

ಜೂನ್ ಮೊದಲ ವಾರದಲ್ಲಿ ಫಲಕ ಬಂತು. ‘ಮುಂದುವರಿದ’ ಅಲ್ಲ, ಅದಕ್ಕೂ ಒಂದು ಮೆಟ್ಟಿಲು ಮೇಲೆ, ‘ಸ್ವಾವಲಂಬಿ ಗ್ರಾಮ’! ರಾಜ ಅದನ್ನು ಮುರಿದ ದಕ್ಕೆಯ ತುದಿಯಲ್ಲಿ ನೆಡಿಸಿದ, ಸೋಪಾಹೆಲುವಿನ ದೋಣಿಗಳಿಗೆ ಕಾಣಲಿ ಎಂದು. ಅದೇ ಅಂಚೆ ಚೀಲದಲ್ಲಿ ನನ್ನ ಅರ್ಜಿಗೂ ಉತ್ತರವಿತ್ತು. ನಿಮ್ಮ ಊರಿನಲ್ಲಿ ಈಗಾಗಲೇ ದಾದಿ ಇರುವ ಕಾರಣ ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ. ಆ ವಾರವೇ ಗಾಳಿ ತಿರುಗಿತು.

ಮಗು ತಿರುಗಲಿಲ್ಲ. ಜುಲೈ ಒಂಬತ್ತರ ಬೆಳಿಗ್ಗೆ ಯೋಸಿನಾಳಿಗೆ ನೋವು ಬಂತು. ಅಲೆಗಳು ದಕ್ಕೆಯ ಮೇಲೆ ಹತ್ತಿ ಫಲಕಕ್ಕೆ ಬಡಿಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಅಂಗಾಲು ನನ್ನ ಬೆರಳಿಗೆ ಸಿಕ್ಕಿತು. ಸಿಕ್ಕಿತು ಎನ್ನುತ್ತೇನೆ, ಕಂಡಿತು ಎನ್ನುವುದಿಲ್ಲ. ಬಿಳಿಯ ಮಂಜಿನೊಳಗೆ ಏನೋ ಅಲ್ಲಾಡಿದ ಹಾಗೆ, ಅಷ್ಟೇ. ಪಕ್ಕದಲ್ಲಿ ಹಿಡಿದುಕೊಳ್ಳಲು ಮೂವರು ಹೆಂಗಸರಿದ್ದರು. ಒಳಗೆ ಕೈ ಹಾಕಿ ಎಂದರೆ ಮೂವರೂ ಹಿಂದೆ ಸರಿದರು. ಫೆಬಿ ಸತ್ತಾಗ ಅವರೇ ಅಲ್ಲಿದ್ದವರು. ಅವರನ್ನು ದೂರಲಾರೆ.

ನಾನು ಎದ್ದು ಹೊರಗೆ ಬಂದೆ. ರಾಜ ಜಗುಲಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದ.

“ಯಾಕೆ ಓಮಾ ಹೊರಗೆ ಬಂದ್ರಿ? ಏನಾಯ್ತು?”

“ಅಂಗಿ ಬಿಚ್ಚು. ಮೊಣಕೈವರೆಗೂ ಸೋಪು ಹಾಕಿ ತೊಳ್ಕೋ. ಉಗುರು ಕತ್ತರಿಸ್ಕೋ.”

“ಏನು?”

“ನನಗೆ ಕಣ್ಣು ಕಾಣಲ್ಲ. ಬಲೆ ಹೆಣೆಯೋದ್ರಲ್ಲಿ ನಿನ್ನನ್ನ ಮೀರಿಸೋ ಕೈ ಈ ದ್ವೀಪದಲ್ಲಿಲ್ಲ. ಬಾ ಒಳಗೆ.”

“ಗಂಡಸು! ಸೊಸೆ ಹೆರಿಗೆ! ಓಮಾ, ಹಿರಿಯರ ಕಟ್ಟು...”

“ಹಿರಿಯರಿಗೆ ನಾನು ಉತ್ತರ ಹೇಳ್ತೀನಿ, ಅವರ ಹತ್ರ ಹೋಗೋ ದಿನ ನನಗೇ ಹತ್ರ ಇದೆ. ಆರೋಗ್ಯ ಕೇಂದ್ರದ ಮುಖ್ಯಸ್ಥರು ಯಾರಪ್ಪಾ? ಹಲಗೆ ಮೇಲೆ ಬರ್ಸಿದ್ಯಲ್ಲ, ಎದ್ದೇಳು! ನಿನ್ನ ಸುಳ್ಳಿಗೆ ನನ್ನ ಎರಡನೇ ಮೊಮ್ಮಗಳನ್ನ ಕೊಡಲ್ಲ ನಾನು.”

ಬಂದ. ಅವನ ಹೆಂಡತಿ ತೆರ್ಸಿ ಸೊಸೆಯ ಬೆನ್ನಿಗೆ ಕೂತಿದ್ದವಳು ಗಂಡನನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಯೋಸಿನಾಳಿಗೆ ನಾಚಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ನಾನು ಅವನ ಪಕ್ಕದಲ್ಲಿ ಮಂಡಿಯೂರಿ, ಅವನ ಭುಜದ ಮೇಲೆ ಕೈ ಇಟ್ಟು ಕೂತೆ.

“ಏನು ಕಾಣ್ತಿದೆ, ಹೇಳು.”

“ಕಾಲು... ಎರಡೂ ಕಾಲು. ಈಗ ಸೊಂಟ. ಎಳೀಲಾ?”

“ಎಳೀಬೇಡ! ಜೀವಮಾನವೆಲ್ಲ ಎಲ್ಲಾದಕ್ಕೂ ಕೈ ಹಾಕಿ ಎಳೆದವನು ನೀನು. ಇವತ್ತೊಂದಿನ ಎಳೀಬೇಡ. ತಾನಾಗಿ ಬರ್ಲಿ. ಬೆನ್ನು ಮೇಲ್ಮುಖ ಇದೆಯಾ?”

“ಇದೆ.”

“ಒಣ ಬಟ್ಟೇಲಿ ಸೊಂಟ ಹಿಡಿ. ಬರೀ ಹಿಡಿ. ತೋಳು ಬಂತಾ?”

“ಒಂದು ಬಂತು. ಓಮಾ, ನೀಲಿ ಆಗ್ತಿದೆ. ನೀಲಿ ಆಗ್ತಿದೆ ಓಮಾ!”

“ಅಳ್ಬೇಡ. ಇನ್ನೊಂದು ತೋಳು. ಬಂತಾ? ಈಗ ಮಗೂನ ನಿನ್ನ ಮುಂಗೈ ಮೇಲೆ ಮಲಗಿಸ್ಕೋ. ಎರಡು ಬೆರಳು ಕೆನ್ನೆ ಮೇಲೆ ಇಡು, ಬಾಯಿಗೆ ಹಾಕ್ಬೇಡ. ಗದ್ದ ಎದೆಗೆ ತಾಗಲಿ. ಯೋಸಿನಾ, ಈಗ ಒತ್ತು ಮಗಳೇ, ಈಗ!”

ಆಮೇಲಿನ ಗಳಿಗೆಯನ್ನು ನಾನು ನೋಡಲಿಲ್ಲ, ಕೇಳಿದೆ. ಮೊದಲು ಏನೂ ಇಲ್ಲ. ಮಳೆ, ಕಡಲು, ಕಾರೆಲ್‌ನ ಏದುಸಿರು. ಆಮೇಲೆ ಕೂಸು ಕಿರುಚಿತು. ಅದಕ್ಕಿಂತ ಗಟ್ಟಿಯಾಗಿ ರಾಜ ಕಿರುಚಿದ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮಾಸು ಬಿದ್ದ ಮೇಲೆ ರಕ್ತ ಹರಿಯತೊಡಗಿತು. ಫೆಬಿಗೆ ಹರಿದ ಹಾಗೆಯೇ, ಬೆಚ್ಚಗೆ, ನಾನು ಕೂತಲ್ಲಿಯವರೆಗೆ ಬಂತು. ಕೂಸನ್ನು ಯೋಸಿನಾಳ ಮೊಲೆಗೆ ಹಚ್ಚಿ, ಕಾರೆಲ್‌ನ ಕೈ ಹಿಡಿದು ಅವಳ ಹೊಟ್ಟೆಯ ಮೇಲೆ ಒತ್ತಿ, ಹೇಗೆ ತಿಕ್ಕಬೇಕೆಂದು ತೋರಿಸಿದೆ. ನನ್ನ ರಟ್ಟೆಯಲ್ಲಿ ಆ ಬಲ ಎಲ್ಲಿತ್ತು? ಸಾಬಕ್ಕಿ ಮರದ ತಿರುಳು ನಾದುವ ಹಾಗೆ ಒಂದು ತಾಸು ತಿಕ್ಕಿದ, ಗೊಣಗದೆ, ನಿಲ್ಲದೆ. ಅವನ ಬೆವರು ನನ್ನ ಕೈ ಮೇಲೆ ಬೀಳುತ್ತಿತ್ತು. ಗರ್ಭ ಕಲ್ಲಿನ ಹಾಗೆ ಗಟ್ಟಿಯಾಯಿತು. ರಕ್ತ ನಿಂತಿತು. ಯೋಸಿನಾ ನೀರು ಕೇಳಿದಳು. ನೀರು ಕೇಳಿದವಳು ಬದುಕುತ್ತಾಳೆ ಎಂದು ನನಗೆ ಗೊತ್ತು. ಆಗ ಅತ್ತೆ, ಐವತ್ತೆರಡು ವರ್ಷದಲ್ಲಿ ಹೆರಿಗೆ ಕೋಣೆಯಲ್ಲಿ ಮೊದಲ ಸಲ.

ಕಾರೆಲ್ ಅಂದೇ ತನ್ನ ಕೈಯಾರೆ ಪತ್ರ ಬರೆದ. ನಮ್ಮ ಊರಲ್ಲಿ ದಾದಿ ಇಲ್ಲ, ಇದ್ದಾಳೆ ಎಂದದ್ದು ಸುಳ್ಳು, ಕಾಲು ಮುಂದಾಗಿ ಬಂದ ಮೊಮ್ಮಗುವಿನ ಹೆರಿಗೆಯನ್ನು ನಾನೇ ಮಾಡಿಸಬೇಕಾಯಿತು, ಫಲಕ ವಾಪಸು ತೆಗೆದುಕೊಂಡು ದಾದಿಯನ್ನು ಕಳಿಸಿ ಎಂದು. ಮಳೆ ಸ್ವಲ್ಪ ಬಿಟ್ಟ ದಿನ ಯೋಪಿ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಅದರ ಫೋಟೋ ಕಳಿಸಿದ. ಆಮೇಲೆ ದಿನಾ ಗುಡ್ಡ ಹತ್ತಿದ. ಆಗಸ್ಟ್ ಮಧ್ಯದಲ್ಲಿ ಉತ್ತರ ಬಂತು. ಊರಮನೆಯಲ್ಲಿ ಎಲ್ಲರ ಮುಂದೆ ರಾಜನೇ ಅದನ್ನು ಮೊಬೈಲಿನಿಂದ ಓದಿದ.

“‘ಒಮ್ಮೆ ಅಂಗೀಕರಿಸಿದ ಪರಿಚಯ ಪತ್ರವನ್ನು ಮೂರು ವರ್ಷದವರೆಗೆ ತಿದ್ದಲು ಅವಕಾಶವಿಲ್ಲ. ಕಾಲು ಮುಂದಾದ ಕಠಿಣ ಹೆರಿಗೆಯಲ್ಲಿ ತಾಯಿ ಮಗು ಇಬ್ಬರನ್ನೂ ಉಳಿಸಿದ ತಮ್ಮ ಆರೋಗ್ಯ ಕೇಂದ್ರದ ಮುಖ್ಯಸ್ಥರಿಗೆ ಅಭಿನಂದನೆಗಳು. ಇದೇ ಸ್ವಾವಲಂಬನೆಯನ್ನು ಮುಂದುವರಿಸತಕ್ಕದ್ದು.’”

ಓದಿ ಮುಗಿಸಿ ಅತ್ತ. ರಾಜನ ಕುರ್ಚಿಯಲ್ಲಿ ಕೂತು, ಊರವರೆದುರು, ಬಾಯಿ ಬಿಟ್ಟು ಅತ್ತ. ಯಾರಿಗೂ ನಗು ಬರಲಿಲ್ಲ. ಮೂರು ವರ್ಷವೆಂದರೆ ಮೂರು ಮಳೆಗಾಲ. ಅಷ್ಟು ದಿನ ನನ್ನ ಬಲಗಣ್ಣು ಇರುವುದಿಲ್ಲ, ಬಹುಶಃ ನಾನೂ ಇರುವುದಿಲ್ಲ. ಗುಂಪಿನ ಹಿಂದೆ ದರ್ಜಿ ಪೀಟರ್ ಬಾಗಿಲಿಗೆ ಓಡಿ ಬಂದು ನಿಂತಿದ್ದ. ಅವನ ಹೆಂಡತಿ ಮಾರ್ತಾಳಿಗೆ ತಿಂಗಳು ತುಂಬಿತ್ತು. ಅವನು ನನ್ನ ಕಡೆ ನೋಡಲೇ ಇಲ್ಲ.

“ಬಾಪಾ ರಾಜಾ, ನೋವು ಶುರುವಾಗಿದೆ. ನಿಮ್ಮನ್ನೇ ಕರ್ಕೊಂಡ್ ಬಾ ಅಂದ್ಲು,” ಎಂದ.

ಕಾರೆಲ್ ನನ್ನ ಮುಖ ನೋಡಿದ. ನಾನು ಕೋಲು ಊರಿ ಎದ್ದೆ.

“ಅಳೋದು ಆಮೇಲೆ. ಹೋಗಿ ಕೈ ತೊಳ್ಕೊಂಡ್ ಬಾ,” ಎಂದೆ.